ಎರಡು 3090 ಕಾರ್ಡುಗಳಿಗೆ ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕು? ಮೀಟರ್ 760 ತೋರಿಸುವಾಗಲೇ 850ರದ್ದು ಆರುತ್ತಿದೆ

ಜೋಡಿಕಾರ್ಡು (ಧಾರವಾಡ):

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನನ್ನ ಕಂಪ್ಯೂಟರಿನಲ್ಲಿ ಒಂದು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡು ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ. ಕಳೆದ ತಿಂಗಳು ಗೆಳೆಯನೊಬ್ಬ ತನ್ನ 3090 ಅನ್ನು ಮಾರಲು ಹೊರಟಿದ್ದರಿಂದ ಅದನ್ನೂ ಕೊಂಡು, ಎರಡು ಕಾರ್ಡುಗಳನ್ನು ಬೆಸೆಯುವ ಎನ್‌ವಿಲಿಂಕ್ ಸೇತುವೆಯನ್ನು ಹುಡುಕಿ ತರಿಸಿ, ಎರಡನ್ನೂ ಒಂದೇ ಮದರ್‌ಬೋರ್ಡಿನಲ್ಲಿ ಕೂರಿಸಿದ್ದೇನೆ. ಪ್ರೊಸೆಸರ್ ರೈಜೆನ್ 9 5950ಎಕ್ಸ್. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) 850 ವ್ಯಾಟಿನದು, ಗೋಲ್ಡ್ ದರ್ಜೆಯದು.

ತೊಂದರೆ ಇಷ್ಟು. ಒಂದೇ ಕಾರ್ಡಿನಲ್ಲಿ ಆಡುವಾಗ ಏನೂ ಆಗುವುದಿಲ್ಲ. ಎರಡೂ ಕಾರ್ಡುಗಳ ಮೇಲೆ ಭಾರ ಬಿದ್ದ ಐದಾರು ನಿಮಿಷಕ್ಕೆ ಒಳಗಿನಿಂದ ‘ಟಕ್’ ಎಂಬ ಸದ್ದು ಬಂದು ಇಡೀ ಯಂತ್ರ ಆರಿಹೋಗುತ್ತದೆ. ಮುಂದಿನ ಬಟನ್ ಒತ್ತಿದರೆ ಜೀವ ಬರುವುದಿಲ್ಲ. ಎಸ್‌ಎಂಪಿಎಸ್‌ನ ಹಿಂದಿರುವ ಸ್ವಿಚ್ಚನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಏನೂ ಆಗದ ಹಾಗೆ ಎದ್ದು ಕೂರುತ್ತದೆ. ಗೋಡೆಯ ಸಾಕೆಟ್ಟಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದೆ. ಆರುವ ಕ್ಷಣದವರೆಗೂ ಅದು 760ರ ಆಸುಪಾಸಿನಲ್ಲೇ ಇತ್ತು, ಒಮ್ಮೆಯೂ 800 ದಾಟಲಿಲ್ಲ. 850 ಎಂದು ಬರೆದಿರುವ ವಸ್ತು 760ಕ್ಕೆ ಕೈ ಚೆಲ್ಲುವುದಾದರೆ ಅದು ಕೆಟ್ಟಿದೆಯೇ, ಅಥವಾ ನನ್ನ ಲೆಕ್ಕವೇ ತಪ್ಪೇ? ಹೊಸದನ್ನು ಕೊಳ್ಳುವುದಾದರೆ 1000 ಸಾಕೇ, 1200 ಬೇಕೇ, ಅಥವಾ ಅಂಗಡಿಯವರು ಹೇಳುವ ಹಾಗೆ 1600ಕ್ಕೇ ಹೋಗಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಹಳೇಡ್ರೈವರ್ (ಬೆಂಗಳೂರು):

ಎಸ್‌ಎಂಪಿಎಸ್ ಮಾತಿಗೆ ಮೊದಲು ಒಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಎರಡನೆಯ ಕಾರ್ಡು ನಿಮಗೆ ಆಟಕ್ಕಾಗಿಯೇ ಬೇಕೇ? ಈ ಕಾರ್ಡುಗಳ ಕಂಪನಿ ಎನ್‌ವಿಡಿಯಾ 2004ರಲ್ಲಿ ಎರಡು ಕಾರ್ಡುಗಳನ್ನು ಒಟ್ಟಿಗೆ ದುಡಿಸುವ ಎಸ್‌ಎಲ್‌ಐ ತಂದಾಗ ಅವಕ್ಕೆ ಕೆಲಸ ಹಂಚುವ ಹೊಣೆಯನ್ನು ಡ್ರೈವರೇ ಹೊತ್ತಿತ್ತು: ಒಂದು ಫ್ರೇಮು ಇದಕ್ಕೆ, ಮುಂದಿನದು ಅದಕ್ಕೆ. 2021ರ ಜನವರಿಯಿಂದ ಆ ಕಂಪನಿ ಒಂದೊಂದು ಆಟಕ್ಕೆ ಬೇಕಾಗುವ ಹೊಸ ಎಸ್‌ಎಲ್‌ಐ ಪ್ರೊಫೈಲುಗಳನ್ನು (ಹೊಂದಾಣಿಕೆಗಳನ್ನು) ಬರೆಯುವುದನ್ನು ನಿಲ್ಲಿಸಿತು. 3090ರಲ್ಲಂತೂ ಆಟವನ್ನು ಬರೆದವರೇ ಡೈರೆಕ್ಟ್‌ಎಕ್ಸ್ 12 ಅಥವಾ ವಲ್ಕನ್ ಎಂಬ ಗ್ರಾಫಿಕ್ಸ್ ತಂತ್ರಾಂಶಗಳ ಮೂಲಕ ಎರಡು ಕಾರ್ಡುಗಳನ್ನು ಬಳಸುವ ವ್ಯವಸ್ಥೆ ಮಾಡಿದ್ದರೆ ಉಂಟು, ಇಲ್ಲದಿದ್ದರೆ ಎರಡನೆಯದು ಸುಮ್ಮನೆ ಕುಳಿತಿರುತ್ತದೆ. ಅಂಥ ಆಟಗಳು ಬೆರಳೆಣಿಕೆಯಷ್ಟು. 3090ರ ನಂತರ ಬಂದ 4090ರಲ್ಲಿ ಸೇತುವೆ ಸಿಕ್ಕಿಸುವ ಜಾಗವನ್ನೇ ತೆಗೆದುಹಾಕಿದರು. ಎರಡನ್ನೂ ಮಾರಿ ಒಂದೇ ಹೊಸ ಕಾರ್ಡು ಕೊಂಡರೆ ಈಗಿರುವ 850ರಲ್ಲೇ ಸಂಸಾರ ಸಾಗುತ್ತದಲ್ಲವೇ?

ಜೋಡಿಕಾರ್ಡು (ಧಾರವಾಡ):

ಮಾತು ಸರಿಯಾಗಿದೆ, ಅದನ್ನು ತಿಳಿದೇ ಕೊಂಡೆ. ನಾನು ಹೆಚ್ಚಾಗಿ ಆಡುವ ‘ಶ್ಯಾಡೋ ಆಫ್ ದ ಟೂಂಬ್ ರೈಡರ್’ ಎರಡು ಕಾರ್ಡುಗಳನ್ನು ಬಳಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ ಹಗಲಿನಲ್ಲಿ ಇದೇ ಯಂತ್ರದಲ್ಲಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚಿತ್ರಗಳನ್ನು ರೆಂಡರ್ ಮಾಡುವ ಕೆಲಸವಿದೆ, ಅಲ್ಲಿ ಎರಡನೆಯ ಕಾರ್ಡಿನ ದುಡ್ಡು ವಸೂಲಾಗುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳುವುದು ಖಚಿತ. ಎಸ್‌ಎಂಪಿಎಸ್ ಯಾವುದು ಎಂಬುದಷ್ಟೇ ಪ್ರಶ್ನೆ.

ಬೆಸುಗೆಕಡ್ಡಿ (ಮೈಸೂರು):

ನಾನು ಎಸ್‌ಎಂಪಿಎಸ್ ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡವನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಎಸ್‌ಎಂಪಿಎಸ್ ಕೆಟ್ಟಿಲ್ಲ, ಮೀಟರೂ ಸುಳ್ಳು ಹೇಳುತ್ತಿಲ್ಲ. ಗೋಡೆಯ ಮೀಟರು ತೋರಿಸುವುದು ಹೆಚ್ಚುಕಡಿಮೆ ಒಂದೊಂದು ಸೆಕೆಂಡಿನ ಸರಾಸರಿಯನ್ನು. ಅದೂ ಗೋಡೆಯಿಂದ ಎಳೆದ ಲೆಕ್ಕವಾದ್ದರಿಂದ, ಎಸ್‌ಎಂಪಿಎಸ್ ಒಳಗೇ ಶಾಖವಾಗಿ ಹೋಗುವ ಸುಮಾರು ಹತ್ತನೇ ಒಂದು ಭಾಗವನ್ನು ಕಳೆದರೆ ಯಂತ್ರಕ್ಕೆ ಮುಟ್ಟುತ್ತಿದ್ದುದು 690 ವ್ಯಾಟಿಗಿಂತ ಹೆಚ್ಚಿರಲಾರದು. ಆದರೆ ಗ್ರಾಫಿಕ್ಸ್ ಚಿಪ್ಪಿನ ಹಸಿವು ಸೆಕೆಂಡಿನ ಲೆಕ್ಕದಲ್ಲಿ ನಡೆಯುವುದಿಲ್ಲ. 3090ಕ್ಕೆ ಕಾಗದದ ಮೇಲೆ 350 ವ್ಯಾಟ್ ಎಂದಿದ್ದರೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಅದು 500 ದಾಟಿ ಎಳೆದು ಮತ್ತೆ ಇಳಿಯುತ್ತದೆ, ಇದು ಆಸಿಲೋಸ್ಕೋಪಿನಲ್ಲಿ ಕಣ್ಣಿಗೆ ಕಾಣುತ್ತದೆ. ಒಂದೇ ಕಾರ್ಡು ಇದ್ದಾಗ ಈ ನೆಗೆತವನ್ನು 850ರದ್ದು ತಡೆದುಕೊಂಡಿತು. ಎರಡು ಕಾರ್ಡುಗಳು ಬೇರೆ ಬೇರೆ ಗಳಿಗೆಯಲ್ಲಿ ನೆಗೆದರೂ ತಡೆದುಕೊಳ್ಳುತ್ತದೆ. ಐದಾರು ನಿಮಿಷಕ್ಕೊಮ್ಮೆ ಎರಡೂ ಒಟ್ಟಿಗೆ ನೆಗೆದಾಗ ಕಾರ್ಡುಗಳೇ 1000 ಮುಟ್ಟಿ, ಅದರ ಮೇಲೆ ಪ್ರೊಸೆಸರ್ ಮತ್ತು ಉಳಿದವು ಸೇರಿ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಎಚ್ಚೆತ್ತು ಬಾಗಿಲು ಮುಚ್ಚುತ್ತದೆ. ಹಿಂದಿನ ಸ್ವಿಚ್ಚನ್ನು ಆರಿಸಿ ಹಾಕುವವರೆಗೂ ಅದು ತೆರೆಯುವುದಿಲ್ಲ. ಹಾಗೆ ಆರುತ್ತಿರುವುದು ಒಳ್ಳೆಯ ಎಸ್‌ಎಂಪಿಎಸ್‌ನ ಲಕ್ಷಣ. ಅಗ್ಗದ್ದಾಗಿದ್ದರೆ ಆರುವ ಬದಲು ಹೊಗೆ ಬರುತ್ತಿತ್ತು.

ಈಗ ಲೆಕ್ಕ. ಎರಡು ಕಾರ್ಡಿಗೆ 700, ನಿಮ್ಮ ಪ್ರೊಸೆಸರ್ ತನ್ನ ಮಿತಿಯಲ್ಲೇ ಇದ್ದರೆ 142, ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನು ಎಲ್ಲ ಸೇರಿ 80 ಎಂದಿಟ್ಟುಕೊಳ್ಳೋಣ, 920 ಆಯಿತು. ಇದು ಸರಾಸರಿಯ ಲೆಕ್ಕ. 1000ದ್ದನ್ನು ಕೊಂಡರೆ ಮತ್ತೆ ಇದೇ ‘ಟಕ್’ ಕೇಳಲು ಕಾಯುತ್ತ ಕೂರಬೇಕಾದೀತು. ನನ್ನ ಸಲಹೆ 1200, ಆದರೆ ಎಟಿಎಕ್ಸ್ 3.0 ಅಥವಾ 3.1 ಎಂಬ ಎಸ್‌ಎಂಪಿಎಸ್ ನಿಯಮಾವಳಿಗೆ ಹೊಂದುವಂಥದ್ದು. ಇಂಟೆಲ್ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿದ 3.0 ನಿಯಮಾವಳಿಯಲ್ಲಿ, ಇಂಥ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ನಮೂದಿತ ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡಿನವರೆಗೆ ತಡೆದುಕೊಳ್ಳಬೇಕು ಎಂಬ ಮಾತನ್ನು ಸೇರಿಸಿದ್ದೇ ಈ ಕಾಲದ ಕಾರ್ಡುಗಳ ನೆಗೆತಕ್ಕಾಗಿ. 1600ದ್ದು ತಪ್ಪಲ್ಲ, ಆದರೆ ಆ ದುಡ್ಡಿನ ಅರ್ಧವನ್ನು ಬೇರೆ ಕಡೆ ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ. ಜತೆಗೆ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು ಶೇಕಡಾ 80ಕ್ಕೆ, ಅಂದರೆ ಕಾರ್ಡಿಗೆ 280 ವ್ಯಾಟಿಗೆ ಇಳಿಸಿ ನೋಡಿ. ವೇಗದಲ್ಲಿ ಆಗುವ ನಷ್ಟ ಉಳಿಸುವ ಕರೆಂಟಿಗೆ ಹೋಲಿಸಿದರೆ ತೀರ ಕಡಿಮೆ. ನೆಗೆತಗಳೂ ತಗ್ಗುತ್ತವೆ, ಆದರೆ ಪೂರ್ತಿ ನಿಲ್ಲುವುದಿಲ್ಲ, ಆದ್ದರಿಂದ ಇದೊಂದನ್ನೇ ನಂಬಿ 850ರಲ್ಲಿ ಉಳಿಯಬೇಡಿ.

ವ್ಯಾಟಿಗಿಂತ ನನಗೆ ಹೆಚ್ಚು ಚಿಂತೆ ಇರುವುದು ಕೇಬಲ್ಲಿನದು. ನಿಮ್ಮ ಕಾರ್ಡುಗಳಿಗೆ ಎಷ್ಟು ಎಂಟು ಪಿನ್ನಿನ ಕನೆಕ್ಟರುಗಳಿವೆ? ಮೂರು ಮೂರು ಇದ್ದರೆ ಒಟ್ಟು ಆರು ಬೇಕು, 850ರ ಎಸ್‌ಎಂಪಿಎಸ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಬೇರೆ ಬೇರೆ ಕೇಬಲ್ಲುಗಳಿರುವುದಿಲ್ಲ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ಕನೆಕ್ಟರ್ ನೇತಾಡುತ್ತವಲ್ಲ, ಅದನ್ನು ನೀವು ಬಳಸಿರಬೇಕು. ಎಂಟು ಪಿನ್ನಿನ ಒಂದು ಕನೆಕ್ಟರಿಗೆ 150 ವ್ಯಾಟ್ ಮಿತಿ. ಅಂದರೆ 12 ವೋಲ್ಟಿನಲ್ಲಿ 12.5 ಆಂಪಿಯರ್, ಮೂರು ವೈರುಗಳಲ್ಲಿ ಹಂಚಿದರೆ ತಲಾ ನಾಲ್ಕು ಚಿಲ್ಲರೆ. ಅದೇ ಮೂರು ವೈರುಗಳಿಂದ ಎರಡು ಕನೆಕ್ಟರಿಗೂ ಉಣಿಸಿದರೆ ತಲಾ ಎಂಟು ದಾಟುತ್ತದೆ. ಪ್ರತಿ ಕನೆಕ್ಟರಿಗೂ ಅದರದೇ ಕೇಬಲ್ ಇರಲಿ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವ್ಯಾಟನ್ನು ನೋಡುವ ಮೊದಲು ಒಳಗೆ ಕಾರ್ಡಿಗೆ ಹೋಗುವ ಪಿಸಿಐಇ ಕೇಬಲ್ಲುಗಳು ಎಷ್ಟಿವೆ ಎಂದು ಎಣಿಸಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಕಾರ್ಡೂ ತಾನು ಕುಳಿತ ಸ್ಲಾಟಿನಿಂದಲೂ 75 ವ್ಯಾಟಿನವರೆಗೆ ಎಳೆಯಬಹುದು, ಅದರಲ್ಲಿ 12 ವೋಲ್ಟಿನ ಪಾಲು 5.5 ಆಂಪಿಯರ್. ಎರಡು ಕಾರ್ಡಿಗೆ 11 ಆಂಪಿಯರ್. ಅದು ಬರುವುದು ಮದರ್‌ಬೋರ್ಡಿನ 24 ಪಿನ್ನಿನ ಕನೆಕ್ಟರಿನಿಂದ. ಅಲ್ಲಿ 12 ವೋಲ್ಟಿಗೆ ಇರುವುದು 10 ಮತ್ತು 11ನೇ ಪಿನ್ನುಗಳು, ಎರಡೇ. ನನ್ನ ಮೇಜಿಗೆ ಬಂದ ಹಳೆಯ ಮೂರು ಕಾರ್ಡಿನ ಯಂತ್ರವೊಂದರಲ್ಲಿ ಆ ಎರಡು ಹಳದಿ ವೈರುಗಳ ತುದಿಯ ಬಿಳಿ ಪ್ಲಾಸ್ಟಿಕ್ಕು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ, ಕನೆಕ್ಟರು ಮದರ್‌ಬೋರ್ಡಿಗೇ ಅಂಟಿಕೊಂಡುಬಿಟ್ಟಿತ್ತು. ಉಳಿದ ಇಪ್ಪತ್ತೆರಡು ಪಿನ್ನುಗಳು ಹೊಸದರ ಹಾಗೆ ಇದ್ದವು. ನಿಮ್ಮ ಮದರ್‌ಬೋರ್ಡಿನ ಕೆಳಅಂಚಿನಲ್ಲಿ, ಸ್ಲಾಟುಗಳ ಬಳಿ, ಹೆಚ್ಚುವರಿಯಾಗಿ ಆರು ಪಿನ್ನಿನದೋ ನಾಲ್ಕು ಪಿನ್ನಿನ ಮೋಲೆಕ್ಸ್ ಮಾದರಿಯದೋ ಕನೆಕ್ಟರ್ ಇದೆಯೇ ನೋಡಿ. ಇದ್ದರೆ ಅದು ಇದಕ್ಕಾಗಿಯೇ ಕೊಟ್ಟದ್ದು, ಖಾಲಿ ಬಿಡಬೇಡಿ.

ಬಿಸಿಲೂರು (ರಾಯಚೂರು):

ಬೆಸುಗೆಕಡ್ಡಿ ಅವರ ಮಾತಿಗೆ ನಮ್ಮ ಊರಿನ ಕಡೆಯಿಂದ ಒಂದು ಸೇರಿಕೆ. 1200 ವ್ಯಾಟ್ ಎಂಬುದನ್ನು ಯಾವ ತಾಪಮಾನದಲ್ಲಿ ಹೇಳಿದ್ದಾರೆ ಎಂಬುದನ್ನು ವಿವರಪಟ್ಟಿಯಲ್ಲಿ ಓದಬೇಕು. ಕೆಲವರು 40 ಡಿಗ್ರಿಯಲ್ಲಿ ಹೇಳುತ್ತಾರೆ, ಒಳ್ಳೆಯವರು 50ರಲ್ಲಿ ಹೇಳುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಹೊರಗಿನ ಗಾಳಿಯೇ 40 ದಾಟಿರುತ್ತದೆ; ಎರಡು 3090ಗಳು ಬಿಸಿ ಉಗುಳುವ ಕ್ಯಾಬಿನೆಟ್ಟಿನೊಳಗೆ ಎಷ್ಟಿರುತ್ತದೆ ಎಂದು ಹೇಳಬೇಕಾಗಿಲ್ಲ. ಎಸ್‌ಎಂಪಿಎಸ್‌ನ ಫ್ಯಾನನ್ನು ಕೆಳಮುಖವಾಗಿ ಕೂರಿಸಿ, ಕ್ಯಾಬಿನೆಟ್ಟಿನ ತಳದಿಂದ ಹೊರಗಿನ ಗಾಳಿ ಎಳೆದುಕೊಳ್ಳುವಂತೆ ಮಾಡಿ. ಆದರೆ ತಳದ ಜಾಳಿಗೆಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ತೆಗೆಯದಿದ್ದರೆ ಈ ಉಪಾಯ ತಿರುಗುಬಾಣವಾಗುತ್ತದೆ. ಎರಡು ಕಾರ್ಡುಗಳ ನಡುವೆ ಒಂದು ಸ್ಲಾಟಿನಷ್ಟಾದರೂ ಸಂದು ಬಿಡುವುದು ಒಳ್ಳೆಯದು, ಮೇಲಿನ ಕಾರ್ಡು ಕೆಳಗಿನದರ ಉಸಿರನ್ನೇ ಕುಡಿಯುತ್ತಿರುತ್ತದೆ.

ಹಳೇಡ್ರೈವರ್ (ಬೆಂಗಳೂರು):

ಗೋಲ್ಡ್, ಪ್ಲಾಟಿನಂ ಎಂಬ ದರ್ಜೆಗಳ ಬಗ್ಗೆಯೂ ಒಂದು ಮಾತು. ಆ ದರ್ಜೆಗಳನ್ನು ಕೊಡುವ 80 ಪ್ಲಸ್ ಮುದ್ರೆ ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಯಂತ್ರಕ್ಕೆ ಮುಟ್ಟುತ್ತದೆ ಎಂಬುದನ್ನು ಮಾತ್ರ. ನೆಗೆತವನ್ನು ತಡೆದುಕೊಳ್ಳುವ ಶಕ್ತಿ, ರಕ್ಷಣಾ ಸರ್ಕ್ಯೂಟಿನ ಗುಣ, ಕೆಪಾಸಿಟರಿನ ಬಾಳಿಕೆ ಯಾವುದನ್ನೂ ಅದು ಹೇಳುವುದಿಲ್ಲ. ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ‘ಗೋಲ್ಡ್ ಇದೆ ಸರ್, ಕಣ್ಣು ಮುಚ್ಚಿ ತಗೊಳ್ಳಿ’ ಎಂದರೆ ಕಣ್ಣು ತೆರೆದು ವಾರಂಟಿಯ ವರ್ಷಗಳನ್ನು ನೋಡಿ. ಹತ್ತು ವರ್ಷ ಕೊಡುವವರಿಗೆ ತಮ್ಮ ವಸ್ತುವಿನ ಮೇಲೆ ಸ್ವಲ್ಪ ನಂಬಿಕೆ ಇರುತ್ತದೆ.

ಜೋಡಿಕಾರ್ಡು (ಧಾರವಾಡ):

ಬೆಸುಗೆಕಡ್ಡಿ ಸರ್, ಕ್ಯಾಬಿನೆಟ್ ತೆರೆದು ನೋಡಿದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಎರಡೂ ಕಾರ್ಡಿಗೆ ಮೂರು ಮೂರು ಕನೆಕ್ಟರ್, ಆರಕ್ಕೂ ಸೇರಿ ಮೂರೇ ಕೇಬಲ್ಲುಗಳಿಂದ ಕವಲು ತೆಗೆದಿದ್ದೆ. ಮದರ್‌ಬೋರ್ಡಿನ ಕೆಳಗೆ ಆರು ಪಿನ್ನಿನ ಜಾಗವೂ ಇದೆ, ಅದರ ಮೇಲೆ ಕಪ್ಪು ಮುಚ್ಚಳ ಇದ್ದುದರಿಂದ ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಇನ್ನೆರಡು ಸಂದೇಹಗಳಿವೆ. ನಮ್ಮ ಬಡಾವಣೆಯಲ್ಲಿ ಸಂಜೆ ವೋಲ್ಟೇಜ್ ಇಳಿದು ಟ್ಯೂಬ್‌ಲೈಟ್ ಮಿಣುಕುತ್ತದೆ. ಮನೆಯ ಇನ್ವರ್ಟರಿಗೆ ಈ ಯಂತ್ರವನ್ನು ಕೊಡಬಹುದೇ? ಎರಡನೆಯದು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಸಣ್ಣಗೆ ಜುಮ್ ಎನ್ನುತ್ತದೆ. ಇದೂ ಎಸ್‌ಎಂಪಿಎಸ್‌ನ ದೋಷವೇ?

ಬೆಸುಗೆಕಡ್ಡಿ (ಮೈಸೂರು):

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ನಾಳೆಗೆ ಬಿಡುವಂತಿಲ್ಲ. ಜುಮ್ ಎನ್ನುವುದು ಎಸ್‌ಎಂಪಿಎಸ್‌ನ ದೋಷವಲ್ಲ, ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಪ್ರತಿ ಎಸ್‌ಎಂಪಿಎಸ್‌ನ ಬಾಯಲ್ಲೂ ಲೈನಿನಿಂದ ಕವಚಕ್ಕೆ ಒಂದು, ನ್ಯೂಟ್ರಲಿನಿಂದ ಕವಚಕ್ಕೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಕರೆಂಟಿನಲ್ಲಿ ಬೆರೆತ ವಿದ್ಯುತ್ ಗದ್ದಲವನ್ನು (ನಾಯ್ಸ್) ಅವು ಅರ್ಥಿಗೆ ಸಾಗಿಸಬೇಕು. ಅರ್ಥ್ ವೈರೇ ಇಲ್ಲದಿದ್ದರೆ ಎರಡೂ ಸೇರಿ 230 ವೋಲ್ಟನ್ನು ಸರಿಯಾಗಿ ಅರ್ಧ ಮಾಡಿ ಕ್ಯಾಬಿನೆಟ್ಟಿನ ಮೇಲೆ 115ರಷ್ಟನ್ನು ನಿಲ್ಲಿಸುತ್ತವೆ. ಹರಿಯುವ ಕರೆಂಟು ತೀರ ಸಣ್ಣದಾದ್ದರಿಂದ ಜುಮ್ ಎನ್ನುವುದಷ್ಟೇ, ಆದರೆ ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ಒಳಗೆ ನಿಜವಾಗಿ ಲೈನು ಕವಚಕ್ಕೆ ತಾಗಿದ ದಿನ ಎಂಸಿಬಿಯನ್ನು ಬೀಳಿಸಲು ಅಲ್ಲಿ ಅರ್ಥ್ ಇರುವುದಿಲ್ಲ, ನೀವು ಇರುತ್ತೀರಿ. 1600ರ ಬದಲು 1200 ಕೊಂಡು ಉಳಿಸಿದ ದುಡ್ಡನ್ನು ಹಾಕಬೇಕಾದದ್ದು ಇಲ್ಲಿಗೆ: ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಈ ಯಂತ್ರಕ್ಕೆಂದೇ 16 ಆಂಪಿಯರಿನ ಒಂದು ಸಾಕೆಟ್ ಎಳೆಸಿ.

16 ಏಕೆಂದರೆ, ಇಂದಿನ ಎಸ್‌ಎಂಪಿಎಸ್ ವೋಲ್ಟೇಜ್ ಇಳಿದರೆ ಬಲ್ಬಿನ ಹಾಗೆ ಮಂಕಾಗಿ ಕೂರುವುದಿಲ್ಲ. ಅದೇ ವ್ಯಾಟನ್ನು ಒದಗಿಸಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಒಳಗೆ 920 ವ್ಯಾಟ್ ಬೇಕಾದರೆ ಗೋಡೆಯಿಂದ ಸುಮಾರು 1020. 230 ವೋಲ್ಟಿನಲ್ಲಿ ಅದು 4.4 ಆಂಪಿಯರ್, 180ಕ್ಕೆ ಇಳಿದರೆ 5.7. ಅಷ್ಟು ಹೊತ್ತಿಗೆ 6 ಆಂಪಿಯರಿನ ಸಾಕೆಟ್ಟು ಬೆಚ್ಚಗಾಗಿರುತ್ತದೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೂ ಸಿಕ್ಕಿಸಿದ್ದರೆ ಮುಂದಿನದು ಹೇಳುವುದು ಬೇಡ.

ಇನ್ವರ್ಟರ್ ಬೇಡ. ಸ್ಕ್ವೇರ್ ವೇವ್ ಇನ್ವರ್ಟರಿನ ಚೌಕ ಅಲೆಗೂ ಈ ಎಸ್‌ಎಂಪಿಎಸ್‌ಗಳ ಪಿಎಫ್‌ಸಿ (ಗೋಡೆಯಿಂದ ಎಳೆಯುವ ಕರೆಂಟಿನ ಅಲೆಯನ್ನು ಹದಗೊಳಿಸುವ) ಭಾಗಕ್ಕೂ ಹೊಂದಾಣಿಕೆ ಕಷ್ಟ. ಮೇಲಾಗಿ ಕರೆಂಟು ಹೋದಾಗ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನ ಬಲದಿಂದ ಉಸಿರು ಹಿಡಿದು ನಿಲ್ಲುವುದು ಪೂರ್ಣ ಭಾರದಲ್ಲಿ 16 ಮಿಲಿಸೆಕೆಂಡಿನ ಆಸುಪಾಸು, ಎಟಿಎಕ್ಸ್ 3.1ರಲ್ಲಿ ಪೂರ್ಣ ಭಾರಕ್ಕೆ ಅದನ್ನು 12ಕ್ಕೆ ಇಳಿಸಿದ್ದಾರೆ. ಅಷ್ಟರೊಳಗೆ ಬದಲಾಗುವ ಯುಪಿಎಸ್ ಬೇಕು, ಸೈನ್ ವೇವ್ ಬೇಕು, ಮತ್ತು ವಿಎ (ವೋಲ್ಟ್-ಆಂಪಿಯರ್) ಅನ್ನು ವ್ಯಾಟ್ ಎಂದು ಓದಬಾರದು. 1100 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡುವುದು 660 ವ್ಯಾಟ್ ಮಾತ್ರ. ಪೂರ್ಣ ಭಾರವನ್ನು ಹೊರಲು 2000 ವಿಎ ಹತ್ತಿರ ಹೋಗಬೇಕಾಗುತ್ತದೆ. ಆಟ ಅರ್ಧಕ್ಕೆ ನಿಂತರೆ ಪರವಾಗಿಲ್ಲ ಎನ್ನುವುದಾದರೆ ಸದ್ಯಕ್ಕೆ ಯುಪಿಎಸ್ ಇಲ್ಲದೆಯೂ ನಡೆಯುತ್ತದೆ. ಅರ್ಥಿಂಗ್ ಇಲ್ಲದೆ ನಡೆಯುವುದಿಲ್ಲ.

ದೂರದೇಶಿ (ನ್ಯೂಜೆರ್ಸಿ):

ನಾನು ಮೂಲತಃ ಶಿವಮೊಗ್ಗದವನು. ಇಲ್ಲಿ ಇದೇ ಲೆಕ್ಕ ಬೇರೆ ರೂಪ ತಾಳುವುದರಿಂದ ಬರೆಯುತ್ತಿದ್ದೇನೆ. ಇಲ್ಲಿನ ಸಾಮಾನ್ಯ ಕೋಣೆಯ ಸಾಕೆಟ್ 120 ವೋಲ್ಟಿನದು, ಬ್ರೇಕರ್ 15 ಆಂಪಿಯರಿನದು. ಗಂಟೆಗಟ್ಟಲೆ ಎಳೆಯುವ ಭಾರವನ್ನು ಅದರ ಶೇಕಡಾ 80ಕ್ಕೆ, ಅಂದರೆ 1440 ವ್ಯಾಟಿಗೆ ನಿಲ್ಲಿಸಬೇಕು. ಅದರಲ್ಲೇ ಮಾನಿಟರು, ಪಕ್ಕದ ಕೋಣೆಯ ದೀಪ ಎಲ್ಲವೂ ಬರುತ್ತವೆ. ಹೀಗಾಗಿ ಇಲ್ಲಿ 1600ರ ಎಸ್‌ಎಂಪಿಎಸ್ ಕೊಂಡವರೂ ಅದನ್ನು ಪೂರ್ತಿ ಬಳಸಲಾರರು. ಚಳಿಗಾಲದಲ್ಲಿ ಹೆಂಡತಿ ಹೀಟರ್ ಹಾಕಿದ ಗಳಿಗೆಗೆ ನನ್ನ ಆಟ ಮುಗಿದ ಸಂದರ್ಭಗಳೂ ಉಂಟು. ನಿಮ್ಮ 230 ವೋಲ್ಟಿನ ಅನುಕೂಲವನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ, ಅರ್ಥಿಂಗಿನ ಕಥೆ ಕೇಳಿ ಅದು ಇಳಿಯುತ್ತದೆ.

ಉಳಿತಾಯಿ (ದಾವಣಗೆರೆ):

ಜೋಡಿಕಾರ್ಡು ಅವರ ಬಳಿ 850 ಹೇಗೂ ಇದೆಯಲ್ಲ. ಅದರ ಜತೆಗೆ ಇನ್ನೊಂದು 650ರದ್ದನ್ನು ಅಗ್ಗಕ್ಕೆ ಕೊಂಡು, ಒಂದೊಂದು ಕಾರ್ಡಿಗೆ ಒಂದೊಂದು ಎಸ್‌ಎಂಪಿಎಸ್ ಎಂದು ಜೋಡಿಸಿದರೆ ಆಗದೇ? ಕಾರ್ಡುಗಳಿಂದ ಕ್ರಿಪ್ಟೊ ನಾಣ್ಯ ಗಳಿಸುವ ‘ಗಣಿಗಾರಿಕೆ’ಯ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಕೇಬಲ್ ಸಾಲದಿದ್ದರೆ ಹಳೆಯದರ ಕೇಬಲ್ಲುಗಳನ್ನೇ ಹೊಸದಕ್ಕೆ ಸಿಕ್ಕಿಸಬಹುದು.

ಬೆಸುಗೆಕಡ್ಡಿ (ಮೈಸೂರು):

ಎರಡು ಎಸ್‌ಎಂಪಿಎಸ್‌ಗಳನ್ನು ಒಟ್ಟಿಗೆ ಎಬ್ಬಿಸುವ ಸಣ್ಣ ಬೋರ್ಡುಗಳು ಸಿಗುತ್ತವೆ, ಆಗದ ಕೆಲಸವೇನಲ್ಲ. ಆದರೆ ಎರಡನೆಯ ಕಾರ್ಡು ಸ್ಲಾಟಿನಿಂದ ಒಂದರ ಕರೆಂಟನ್ನೂ ಕೇಬಲ್ಲಿನಿಂದ ಇನ್ನೊಂದರ ಕರೆಂಟನ್ನೂ ಉಣ್ಣುತ್ತದೆ. ಒಂದು ಆರಿ ಇನ್ನೊಂದು ಉರಿಯುತ್ತಿರುವ ಗಳಿಗೆಯಲ್ಲಿ ಆ ಕಾರ್ಡಿನ ಗತಿ ಏನು ಎಂಬುದನ್ನು ನನ್ನ ದುಡ್ಡಿನಲ್ಲಿ ಪರೀಕ್ಷಿಸಲು ನನಗೆ ಮನಸ್ಸಿಲ್ಲ.

ಕೇಬಲ್ಲಿನ ಮಾತನ್ನಂತೂ ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಕಾರ್ಡಿನ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಪಿನ್ ಜೋಡಣೆ, ಒಬ್ಬರದೇ ಎರಡು ಮಾದರಿಗಳಲ್ಲೂ ಬೇರೆಯಾಗಿರಬಹುದು. ಆದರೆ ಕನೆಕ್ಟರು ಸಲೀಸಾಗಿ ಒಳಗೆ ಹೋಗಿ ‘ಕ್ಲಿಕ್’ ಎನ್ನುತ್ತದೆ, ಮೋಸ ಇರುವುದೇ ಅಲ್ಲಿ. ಕಸುಬಿಗೆ ಬಂದ ಹೊಸತರಲ್ಲಿ ನನ್ನದೇ ಯಂತ್ರಕ್ಕೆ ಹೊಸ ಎಸ್‌ಎಂಪಿಎಸ್ ಹಾಕಿದಾಗ, ಹಿಂದೆ ಅಚ್ಚುಕಟ್ಟಾಗಿ ಕಟ್ಟಿದ್ದ ವೈರುಗಳನ್ನು ಬಿಚ್ಚುವುದಕ್ಕೆ ಸೋಮಾರಿತನ ಮಾಡಿ ಡಿಸ್ಕುಗಳಿಗೆ ಕರೆಂಟು ಕೊಡುವ ಹಳೆಯ ಸಾಟಾ ಕೇಬಲ್ಲನ್ನೇ ಬಿಟ್ಟೆ. ಐದು ವೋಲ್ಟ್ ಬರಬೇಕಾದ ವೈರಿನಲ್ಲಿ ಹನ್ನೆರಡು ಬಂತು. ಸ್ವಿಚ್ ಹಾಕಿದ ಒಂದು ಸೆಕೆಂಡಿಗೆ ಎರಡು ಹಾರ್ಡ್ ಡಿಸ್ಕುಗಳು ಸತ್ತವು. ಒಂದರಲ್ಲಿ ತಂಗಿಯ ಮದುವೆಯ ಫೋಟೋಗಳಿದ್ದವು. ತಪ್ಪು ಯಾರದೂ ಅಲ್ಲ, ನನ್ನದೇ.

ಜೋಡಿಕಾರ್ಡು (ಧಾರವಾಡ):

ಎಲ್ಲರಿಗೂ ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. 1200 ವ್ಯಾಟಿನ ಎಟಿಎಕ್ಸ್ 3.0 ಎಸ್‌ಎಂಪಿಎಸ್ ಕೊಂಡೆ. ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ ಪಿಸಿಐಇ ಕೇಬಲ್ಲುಗಳನ್ನು ಎಣಿಸಿದಾಗ ಅಂಗಡಿಯವರು ವಿಚಿತ್ರವಾಗಿ ನೋಡಿದರು. ಆರು ಕನೆಕ್ಟರಿಗೂ ಆರು ಕೇಬಲ್ ಎಳೆದಿದ್ದೇನೆ. ಮದರ್‌ಬೋರ್ಡಿನ ಆ ಆರು ಪಿನ್ನಿನ ಜಾಗಕ್ಕೆ ಇನ್ನೊಂದು ಬೇಕಾಗಿದ್ದರಿಂದ, ಎಸ್‌ಎಂಪಿಎಸ್ ಜತೆಗೇ ಬಂದ ಕವಲಿನ ಕೇಬಲ್ಲನ್ನು ಅಲ್ಲಿಗೆ ಕೊಟ್ಟು, ಅದರ ಇನ್ನೊಂದು ತುದಿಯನ್ನು ಖಾಲಿ ಬಿಟ್ಟಿದ್ದೇನೆ. ಎರಡೂ ಕಾರ್ಡುಗಳನ್ನು 280 ವ್ಯಾಟಿಗೆ ಇಳಿಸಿ ನಿನ್ನೆ ರಾತ್ರಿ ನಾಲ್ಕು ಗಂಟೆ ರೆಂಡರ್ ಮಾಡಿಸಿದೆ. ಗೋಡೆಯ ಮೀಟರ್ 770ರ ಸುತ್ತ ಇತ್ತು, ಅಂದರೆ ಹಿಂದೆ ಆರುತ್ತಿದ್ದಾಗ ಇದ್ದುದಕ್ಕಿಂತ ಹತ್ತು ಹೆಚ್ಚೇ. ಒಮ್ಮೆಯೂ ‘ಟಕ್’ ಎನ್ನಲಿಲ್ಲ. ಆಮೇಲೆ ಮಿತಿಯನ್ನು ತೆಗೆದು 350ರಲ್ಲೂ ಒಂದು ಗಂಟೆ ಆಡಿದೆ, ಆಗಲೂ ಇಲ್ಲ.

ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದಾಗ ಹಸಿರು ವೈರು ಒಳಗೆ ಇತ್ತು, ಆದರೆ ಯಾರೋ ಅದನ್ನು ಸಾಕೆಟ್ಟಿಗೆ ಸಿಕ್ಕಿಸದೆ ಸುರುಳಿ ಸುತ್ತಿ ಹಿಂದಕ್ಕೆ ತುರುಕಿದ್ದರು. ಅದನ್ನು ಜೋಡಿಸಿ, 16 ಆಂಪಿಯರಿನ ಹೊಸ ಸಾಕೆಟ್ ಕೂರಿಸಿದ ಮೇಲೆ ಕ್ಯಾಬಿನೆಟ್ಟಿಗೆ ಟೆಸ್ಟರ್ ಇಟ್ಟು ನೋಡಿದೆವು, ದೀಪ ಹತ್ತಲಿಲ್ಲ. ಬರಿಗಾಲಿನಲ್ಲಿ ನಿಂತು ಮುಟ್ಟಿಯೂ ನೋಡಿದೆ.

ಯುಪಿಎಸ್ ಈ ದೀಪಾವಳಿಯ ಹೊತ್ತಿಗೆ ನೋಡೋಣ ಎಂದುಕೊಂಡಿದ್ದೇನೆ. ಹಳೆಯ 850 ಅನ್ನು ತಮ್ಮನ ಯಂತ್ರಕ್ಕೆ ಕೊಡುವುದೆಂದು ತೀರ್ಮಾನವಾಗಿದೆ. ಅದರ ಕೇಬಲ್ಲುಗಳನ್ನೆಲ್ಲ ಅದರದೇ ಪೆಟ್ಟಿಗೆಯೊಳಗೆ ಹಾಕಿ, ಮೇಲೆ ಟೇಪು ಸುತ್ತಿ, ‘ಇವು ಇದಕ್ಕೆ ಮಾತ್ರ’ ಎಂದು ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.